ಒಡಪಿನ ಇನ್ನರ್ಧ

ಫೋನಿನ ಪರದೆಯನ್ನು ಎರಡು ಪಾಲು ಮಾಡಿ, ಅರ್ಧದಲ್ಲಿ ಒಬ್ಬರು, ಇನ್ನರ್ಧದಲ್ಲಿ ಬೇಕಾದವರು ಬಂದು ಸೇರಿಕೊಂಡು ಕುಣಿಯುವ ವಿಡಿಯೋಗಳನ್ನು ನಮ್ಮೂರು ಮುಶಿಗೇರಿಯೆಲ್ಲ ನೋಡಿ ನಕ್ಕು ಸುಮ್ಮನಾಯಿತು. ನನ್ನ ತಂಗಿ ರೂಪಾಳಿಗೆ ಮಾತ್ರ ಅದರಲ್ಲಿ ಒಡಪು ಕಂಡಿತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸ ಕಟ್ಟಿ ಒಡಪಿನಲ್ಲಿಟ್ಟು ಹೇಳಬೇಕೆಂಬುದು ನಮ್ಮ ಕಡೆಯ ರೂಢಿ. ಇವಳು ಪ್ರಾಸವನ್ನು ಎಡಗಡೆ ತಾನು ಹೇಳಿ, ಹೆಸರನ್ನು ಬಲಗಡೆ ಅವನೇ ಹೇಳಲೆಂದು ಬಿಟ್ಟಳು. ಅವನೆಂದರೆ ಹೊಳೆದಂಡೆಯ ಮೆಣಸಗಿಯ ಉಮೇಶ, ಮಂಗಳೂರಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ. ಮದುವೆ ನಿಶ್ಚಯವಾಗಿತ್ತು.

“ಮುಶಿಗೇರಿ ಹೊಲದಾಗ ಜ್ವಾಳ ತೆನಿ ಕಟ್ಟೈತಿ, ಮೆಣಸಗಿ ದಾರಿಮ್ಯಾಲ ಕಣ್ಣು ನೆಟ್ಟೈತಿ, ನಮ್ಮವರ ಹೆಸರು…”

ಎಷ್ಟು ಚೆಂದ ಹೇಳಿದ್ದಳು! ನನಗೇ ಹೊಟ್ಟೆಕಿಚ್ಚಾಯಿತು.

ಉಮೇಶ ನಾಚಿಕೊಂಡ. “ನಾಳಿ ಮಾಡ್ತೀನಿ” ಅಂದ. ಅಷ್ಟರಲ್ಲಿ ನರಗುಂದದ ಕಲ್ಲೇಶನೆಂಬ ಗುರುತಿಲ್ಲದ ಪುಂಡನೊಬ್ಬ ಬಲಗಡೆ ಬಂದು ನಿಂತು, ಮೀಸೆ ತಿರುವಿ “ಕಲ್ಲೇಶ!” ಅಂದುಬಿಟ್ಟ. ವಿಡಿಯೋ ರೋಣ, ಗಜೇಂದ್ರಗಡವೆಲ್ಲ ಸುತ್ತಿ ಮೆಣಸಗಿ ಮುಟ್ಟಿತು.

ಉಮೇಶನ ತಂದೆ ಗ್ಯಾನಪ್ಪ ಫೋನಿನಲ್ಲೇ ಗುಡುಗಿದರು. “ಯಾವಾಂವ ಅವ ಕಲ್ಲೇಶ? ಈ ಸಂಬಂಧ ನಮಗ ಬ್ಯಾಡ.”

“ಅದನ್ನ ಯಾರ ಬೇಕಾದ್ರೂ ಮಾಡಬಹುದ್ರಿ, ಮಾಮಾ” ಎಂದೆ. ಕೇಳುವವರು ಯಾರು?

ರೂಪಾ ಊಟ ಬಿಟ್ಟಳು. ಉಮೇಶನೆಂದರೆ ಅವಳಿಗೆ ಜೀವ. ನಾನು ಕಲ್ಲೇಶನ ವಂಶವನ್ನೆಲ್ಲ ಬೈದರೂ ಹೊಟ್ಟೆ ತಣ್ಣಗಾಗಲಿಲ್ಲ. “ವಿಡಿಯೋ ಅಳಿಸಿ ಬಿಡು” ಎಂದೆ.

“ಬ್ಯಾಡಕ್ಕಾ. ಅಳಿಸಿದ್ರ ತಪ್ಪು ನಂದ ಅಂತಾರ.”

ಮರುದಿನ ಮತ್ತೊಂದು ವಿಡಿಯೋ ಬಂತು. ಎಡಗಡೆ ಅದೇ ರೂಪಾ. ಬಲಗಡೆ, ತಲೆತುಂಬ ಸೆರಗು ಹೊದ್ದು, ಫೋನು ಹಿಡಿದವರನ್ನು ಗದರುತ್ತ, ಉಮೇಶನ ತಾಯಿ ಸಿದ್ದಲಿಂಗವ್ವ! ರೂಪಾ “ನಮ್ಮವರ ಹೆಸರು…” ಎಂದು ನಿಲ್ಲಿಸಿದ್ದೇ ತಡ, ಶುರುಮಾಡಿದರು:

“ಹೊಳಿ ಬಂದ್ರೂ ಊರು ಬಿಟ್ಟಿಲ್ಲ, ಕಂಡಕಂಡವರ ಮಾತಿಗೆ ಕಿವಿ ಕೊಟ್ಟಿಲ್ಲ, ಗ್ಯಾನಪ್ಪನವ್ರ ಮಗಾ ಉಮೇಶ, ಉಮೇಶನ ಹೆಣ್ತಿ ರೂಪಾ!”

ಭಲೇ ಹೆಣ್ಣುಮಗಳೇ! ನಾನು ಕುಣಿದಾಡಿದೆ. ಒಡಪಿನಲ್ಲಿ ತಮ್ಮ ಗಂಡನ ಹೆಸರನ್ನೂ ಸೇರಿಸಿಬಿಟ್ಟಿದ್ದರು. ಊರೆಲ್ಲ ಕೇಳಿದ ಮೇಲೆ ಗ್ಯಾನಪ್ಪ ಇಲ್ಲವೆನ್ನುವುದುಂಟೇ?

ಸಂಜೆ ಗ್ಯಾನಪ್ಪನವರದೇ ಫೋನು ಬಂತು. ರೂಪಾಳ ಕೈಗೆ ಕೊಡೆಂದರು.

“ಇನ್ನೊಮ್ಮಿ ಹೆಸರಿನ ಜಾಗಾ ಖಾಲಿ ಬಿಡಬ್ಯಾಡವ್ವಾ, ಕಂಡವರು ಬಂದು ಕೂಡ್ತಾರ. ಈಗ ಹೇಳು ನೋಡೂಣು, ಯಾರ ಹೆಸರು?”

ಹೊಲ, ತೆನೆ, ದಾರಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಅಳುತ್ತ ಅಳುತ್ತಲೇ, ಬರಿದೇ, “ಉಮೇಶ” ಅಂದಳು.