ಭವ್ಯಳಿಗೊಂದು ಎಡೆ

"ಹಸೀದೇ ತಿನ್ನೋಕಾ?" ಮೀನು ಕೊಯ್ಯುತ್ತಿದ್ದ ಮೊಹ್ಸಿನ್‌ನ ಕೈ ಅರ್ಧಕ್ಕೇ ನಿಂತಿತು. "ತೌಬಾ ತೌಬಾ! ಇಪ್ಪತ್ತು ವರ್ಷದಿಂದ ಈ ಮಾರ್ಕೆಟ್‌ನಲ್ಲಿ ಮೀನು ಮಾರ್ತಿದೀನಿ ಅಮ್ಮಾ, ಹಸಿ ಮೀನು ಕೇಳೋದು ಬೆಕ್ಕು ಮಾತ್ರ."

"ನಿಂಬೆ ರಸದಲ್ಲಿ ನೆನೆಸಿ ತಿಂತಾರೆ ಭಾಯ್," ಎಂದಳು ಆತಿಕಾ. "ಮುಳ್ಳು ಒಂದೂ ಇರಬಾರದು. ಇಷ್ಟಿಷ್ಟೇ ಸಣ್ಣ ತುಂಡು ಮಾಡ್ಕೊಡಿ."

ಯಮುನಮ್ಮ ಎರಡು ಹೆಜ್ಜೆ ಹಿಂದೆ, ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದಳು. ಮಹಾಲಯ ಅಮಾವಾಸ್ಯೆಯ ಬೆಳಗು. ಮಟನ್ ಅಂಗಡಿಗಳ ಮುಂದೆ ಸಾಲು ರಸ್ತೆಗೆ ಬಂದಿತ್ತು. ರಸೆಲ್ ಮಾರ್ಕೆಟ್ ಆಕೆಗೆ ಹೊಸದಲ್ಲ, ಈ ಹುಡುಗಿಯ ಜೊತೆ ಹೀಗೆ ನಿಂತದ್ದು ಹೊಸದು. ಎರಡು ವರ್ಷದ ಹಿಂದೆ ಇದೇ ಆತಿಕಾ ಬಾಣಸವಾಡಿಯ ಮನೆಗೆ ಬಂದಾಗ ಗೇಟಿನಲ್ಲೇ ತಡೆದು, "ಇಬ್ಬರು ಹೋದ್ರಿ, ಒಬ್ಬಳು ಬಂದಿದೀಯ. ಇನ್ನೊಂದು ಸಲ ಮುಖ ತೋರಿಸ್ಬೇಡ" ಎಂದವಳು ಯಮುನಮ್ಮನೇ. ಅವತ್ತು ಹುಡುಗಿಯ ಬೆನ್ನ ಮೇಲೆ ಒಂದು ಚೀಲ, ಎದೆಗವಚಿಕೊಂಡಿದ್ದ ಇನ್ನೊಂದು ಚೀಲ ಭವ್ಯಳದು. ಆ ಚೀಲವನ್ನಷ್ಟೇ ಕಿತ್ತುಕೊಂಡು ಬಾಗಿಲು ಹಾಕಿದ್ದಳು.

ಭವ್ಯ ಒಬ್ಬಳೇ ಮಗಳು. ಫ್ರೇಜರ್ ಟೌನಿನ ಆತಿಕಾ ಮತ್ತು ಅವಳು ಎಂಟನೇ ಕ್ಲಾಸಿನಿಂದ ಒಂದೇ ಬೆಂಚು. ಬೆನ್ನಿಗೆ ಚೀಲ ಹಾಕಿಕೊಂಡು ಈಕ್ವೆಡಾರ್ ಎಂಬ ದೇಶದ ಕಡಲ ದಂಡೆಯ ಊರುಗಳನ್ನೆಲ್ಲ ಸುತ್ತಿ ಬರುತ್ತೇವೆಂದು ಹೊರಟಾಗ ಇಬ್ಬರಿಗೂ ಇಪ್ಪತ್ತೇಳು. ಮದುವೆಯಾಗಬೇಕಾದ ವಯಸ್ಸಿನಲ್ಲಿ ಇದೆಂಥ ತಿರುಗಾಟ ಎಂದು ನೆಂಟರೆಲ್ಲ ಮೂಗು ಮುರಿದಿದ್ದರು. ಬಸ್ಸಿನಿಂದ ಬಸ್ಸಿಗೆ, ಊರಿನಿಂದ ಊರಿಗೆ ನಾಲ್ಕು ವಾರ ಅಲೆದರು. ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಈಜಲು ಇಳಿದ ಭವ್ಯಳನ್ನು ನೀರು ಒಳಕ್ಕೆ ಎಳೆದುಕೊಂಡು ಹೋಯಿತು. ಬೆಸ್ತರ ದೋಣಿಗಳು ಆರು ದಿನ ಹುಡುಕಿದವು. ದೇಹ ಸಿಗಲಿಲ್ಲ.

ಸಿಗಲಿಲ್ಲ ಎಂಬ ಆ ಒಂದು ಮಾತನ್ನೇ ಯಮುನಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಸಿಗದವಳು ಸತ್ತವಳಲ್ಲ. ಯಾವುದೋ ದಡಕ್ಕೆ ಬಿದ್ದು, ನೆನಪು ತಪ್ಪಿ, ಯಾವುದೋ ಪುಣ್ಯಾತ್ಮರ ಮನೆಯಲ್ಲಿ ಇರಬಹುದಲ್ಲ? ಹೆತ್ತ ಕರುಳಿಗೆ ಬುದ್ಧಿ ಹೇಳುವವರು ಯಾರು? ಗಂಡ ಕೆಂಪರಾಜ್ ಅಂತೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಅವನು. ಮಗಳು ಇದ್ದಾಳೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಎರಡು ಸಲ ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದವರಿಗೆಲ್ಲ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಟ್ಟರು. ಮಾವನಿಗೆ ಮುದ್ದೆ, ತಲೆಮಾಂಸದ ಸಾರು, ಒಂದು ಕ್ವಾರ್ಟರ್ ಬಾಟ್ಲಿ. ಮೈದುನನಿಗೆ ಬಿರಿಯಾನಿ, ಸಿಗರೇಟು. ಭವ್ಯಳಿಗೆ ಎಲೆ ಹಾಕಲು ಯಮುನಮ್ಮ ಬಿಡಲಿಲ್ಲ.

ಈ ವರ್ಷ ಬಾಯಿ ತೆರೆದವಳು ಅತ್ತೆ ಬೈರಮ್ಮ. ಎಂಬತ್ತು ದಾಟಿದ ಮುದುಕಿ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

"ಸತ್ತಿಲ್ಲ ಅಂತೀಯ. ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದಳು. "ಆದ್ರೆ ಸತ್ತೇ ಹೋಗಿದ್ರೆ ಯಮುನಾ? ಎಲ್ರೂ ಕೂತ್ಕಂಡು ಉಣ್ತಾರೆ. ನನ್ನ ಮೊಮ್ಮಗಳು ಎರಡು ವರ್ಷದಿಂದ ಹೊರಗೆ ನಿಂತವ್ಳೆ, ಹಸ್ಕಂಡು."

ಅಂದಿನಿಂದ ಯಮುನಮ್ಮ ತಟ್ಟೆಗೆ ಬಡಿಸಿಕೊಂಡದ್ದನ್ನು ಹಾಗೇ ಎತ್ತಿಡತೊಡಗಿದಳು. ಎಡೆ ಇಟ್ಟರೆ ತನ್ನ ಕೈಯಾರೆ ಮಗಳನ್ನು ಸತ್ತವರ ಸಾಲಿಗೆ ನೂಕಿದಂತೆ. ಇಡದಿದ್ದರೆ ಉಪವಾಸ ಕೆಡವಿದಂತೆ. ವಾರವಿಡೀ ಬೆಂದು ಕೊನೆಗೆ ಇಡುತ್ತೇನೆ ಎಂದಳು. ಎಂದ ಮೇಲೆ ಹೊಸ ಸಂಕಟ ಶುರುವಾಯಿತು: ಏನು ಇಡುವುದು? ಕಡೆಯ ಸಲ ಫೋನ್ ಮಾಡಿದಾಗ ಭವ್ಯ, "ಅಮ್ಮಾ, ಇಲ್ಲಿ ಒಂದು ಐಟಮ್ ಸಿಗುತ್ತೆ, ದಿನಾ ಅದನ್ನೇ ತಿಂತಿದೀನಿ. ಏನು ಅಂತ ಗೆಸ್ ಮಾಡು ನೋಡಣ" ಎಂದಿದ್ದಳು. "ಒಲೆ ಮೇಲೆ ಸಾರಿದೆ ಕಣೆ, ಬಂದ್ಮೇಲೆ ಹೇಳುವಿಯಂತೆ" ಎಂದು ಇವಳು ಫೋನ್ ಇಟ್ಟಿದ್ದಳು. ಮಗಳು ಕೊನೆಗೆ ಮೆಚ್ಚಿದ ಊಟ ಯಾವುದೆಂದು ಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ, ತಾನು ಗೇಟಿನಿಂದ ಅಟ್ಟಿದವಳು. ನಾಚಿಕೆ ನುಂಗಿಕೊಂಡು ಅವಳ ನಂಬರು ಒತ್ತಿದ್ದಳು.

ಮಾರ್ಕೆಟ್‌ನಿಂದ ಹೊರಟ ಆಟೋ ಕೋಲ್ಸ್ ಪಾರ್ಕ್ ದಾಟಿತು. ಮೀನಿನ ಕವರು ಆತಿಕಾಳ ತೊಡೆಯ ಮೇಲಿತ್ತು.

"ಮನೆಗೆ ಮೀನು ತಂದ್ರೆ ಮೂಗು ಮುಚ್ಕೊಂಡು ಟೆರೇಸ್‌ಗೆ ಓಡ್ತಿದ್ಲು," ಎಂದಳು ಯಮುನಮ್ಮ. ನಂಬುವುದು ಹೇಗೆ ಎಂಬ ಜಗಳ ಆ ದನಿಯಲ್ಲಿತ್ತು.

"ಗೊತ್ತು ಆಂಟಿ. ಮೊದಲನೇ ದಿನ ನನ್ನ ಬಟ್ಟಲು ನೋಡಿ ವಾಕರಿಸಿದ್ಲು. ಮಾರನೇ ದಿನ ಒಂದು ಚಮಚ ತಿಂದ್ಲು. ಮೂರನೇ ದಿನ ನನಗೇ ಉಳಿಸ್ಲಿಲ್ಲ. ಸೆವಿಚೆ ಅಂತಾರೆ. ನಿಂಬೆ ರಸ, ಈರುಳ್ಳಿ, ಕೊತ್ತಂಬ್ರಿ ಸೊಪ್ಪು. ಮೇಲೆ ಪಾಪ್‌ಕಾರ್ನ್ ಸುರ್ಕೋತಾರೆ, ಜೊತೆಗೆ ಬಾಳೆಕಾಯಿ ಚಿಪ್ಸು. ನಮ್ಮಮ್ಮಂಗೆ ಇದನ್ನ ಹೇಳಿದ್ರೆ ಚಪ್ಪಲಿ ತಗೋತಾಳೆ ಅಂತ ನಗ್ತಿದ್ಲು."

ಯಮುನಮ್ಮನಿಗೆ ಹೊಟ್ಟೆಯೊಳಗೆ ಉರಿ ಎದ್ದಿತು. ಇಪ್ಪತ್ತೇಳು ವರ್ಷ ಬಡಿಸಿದ ತನ್ನ ಕೈಗೆ ಗೊತ್ತಿಲ್ಲದ ರುಚಿ ಈ ಹುಡುಗಿಗೆ ಗೊತ್ತು. ಇದು ಅಸೂಯೆಯೆಂದು ಅವಳಿಗೂ ತಿಳಿದಿತ್ತು, ಆದರೂ ಉರಿ ಆರಲಿಲ್ಲ.

"ಅವತ್ತು ತಿಂದಿದ್ಲಾ?"

ಆತಿಕಾ ಕಿಟಕಿಯಿಲ್ಲದ ಆಟೋದ ಹೊರಗೆ ನೋಡಿದಳು. "ಇಲ್ಲ. ಈಜಿ ಬಂದು ತಿಂತೀನಿ, ನೀನು ಆರ್ಡರ್ ಮಾಡಿರು ಅಂದ್ಲು. ನಾನು ಮರಳಲ್ಲೇ ಟೇಬಲ್ ಹಿಡ್ಕೊಂಡು ಕೂತಿದ್ದೆ. ಎರಡು ಬಟ್ಟಲು ತಂದಿಟ್ರು. ಅವಳು ನೀರಿಂದ ಕೈ ಎತ್ತಿದ್ಲು ಆಂಟಿ, ನನ್ನ ಕರೀತಿದಾಳೆ ಅನ್ಕೊಂಡು ನಾನೂ ಕೈ ಬೀಸಿದೆ. ಆಮೇಲೆ ಕೂಗಿದೆ. ನಂಗೆ ಈಜು ಬರಲ್ಲ."

ಈ ಮಾತನ್ನು ಹುಡುಗಿ ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲವೆಂದು ಯಮುನಮ್ಮನಿಗೆ ಹೇಗೋ ಗೊತ್ತಾಯಿತು. ಮಗಳು ಹಸಿದ ಹೊಟ್ಟೆಯಲ್ಲಿ ನೀರಿಗೆ ಇಳಿದಿದ್ದಳು. ಯಮುನಮ್ಮ ಅಳಲು ಶುರು ಮಾಡಿದಳು. ಆಟೋದವನು ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ. ಅಳುತ್ತಲೇ ಅವಳು ಆತಿಕಾಳ ಕೈಯನ್ನು ಹಿಡಿದುಕೊಂಡಳು, ಬಾಣಸವಾಡಿ ಬರುವವರೆಗೂ ಬಿಡಲಿಲ್ಲ.

ಇಳಿದ ಮೇಲೆ ಆತಿಕಾ ಗೇಟಿನ ಹೊರಗೇ ನಿಂತು ಕವರನ್ನು ಚಾಚಿದಳು.

"ಬಾ ಒಳಗೆ," ಎಂದಳು ಯಮುನಮ್ಮ. "ಎಷ್ಟು ನಿಂಬೆಹಣ್ಣು ಹಿಂಡ್ಬೇಕೋ ನಂಗೇನು ಗೊತ್ತು?"

ಒಂಬತ್ತು ನಿಂಬೆಹಣ್ಣು ಹಿಡಿಯಿತು. ಗಾಜಿನಂತಿದ್ದ ಮೀನು ರಸದಲ್ಲಿ ನಿಧಾನವಾಗಿ ಬೆಳ್ಳಗಾಯಿತು. ಬೈರಮ್ಮ ಬಾಗಿ ನೋಡಿ, "ಬೆಂಕಿ ಕಾಣದ ಊಟ, ಎಂಥ ಕಾಲ ಬಂತವ್ವ" ಎಂದು ಗೊಣಗಿದಳೇ ಹೊರತು ಬೇಡವೆನ್ನಲಿಲ್ಲ. ಕೆಂಪರಾಜ್ ಮಗಳ ಫೋಟೋ ತಂದು ತನ್ನ ಅಪ್ಪ, ತಮ್ಮನ ಪಕ್ಕ ಇಟ್ಟ. ಅದನ್ನು ನೇರ ಮಾಡಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಯಮುನಮ್ಮ ತಾನೇ ಎಲೆ ಹಾಸಿ, ನೀರು ಚಿಮುಕಿಸಿ ಒರೆಸಿದಳು. ಸೆವಿಚೆ ಬಡಿಸಿ ಮೇಲೆ ಪಾಪ್‌ಕಾರ್ನ್ ಸುರಿದಳು, ಒಂದಿಷ್ಟು ನೆಲಕ್ಕೂ ಚೆಲ್ಲಿತು.

"ತಿನ್ನು ಮಗಳೇ," ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಮಗಳನ್ನು ವಾಪಸು ಬಾ ಎಂದು ಕೇಳಲಿಲ್ಲ.

ಧೂಪ ಹಾಕಿ, ಕಾಯಿ ಒಡೆದು, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಬೈರಮ್ಮನಿಗೆ ಕುರ್ಚಿ, ಉಳಿದವರಿಗೆ ಮೆಟ್ಟಿಲು. ಸ್ಟೇಷನ್ನಿನ ಕಡೆಯಿಂದ ಒಂದು ರೈಲು ಹೋದ ಸದ್ದು ಕೇಳಿತು. ಎಲ್ಲರಿಗೂ ಹಸಿವಾಗಿತ್ತು. ಹತ್ತು ನಿಮಿಷ ಕಳೆದ ಮೇಲೆ ಪ್ರತಿವರ್ಷದಂತೆ ಕೆಂಪರಾಜ್ ಎದ್ದು ಚಿಲಕದ ಮೇಲೆ ಕೈಯಿಟ್ಟ.

"ತೆಗೀಲಾ?"

"ಇರ್ರೀ," ಎಂದಳು ಯಮುನಮ್ಮ. "ಅವರೆಲ್ಲ ಇಲ್ಲೇ ಇರೋರು, ಬಂದಿರ್ತಾರೆ. ಅವಳು ಅಷ್ಟು ದೂರದಿಂದ ಬರ್ಬೇಕಲ್ಲ."

ಕೆಂಪರಾಜ್ ಚಿಲಕದಿಂದ ಕೈ ತೆಗೆದ. ಅವನು ಕೂರಲೆಂದು ಆತಿಕಾ ಮೆಟ್ಟಿಲಿನ ಮೇಲೆ ಸ್ವಲ್ಪ ಸರಿದಳು.