ಮೈಮೇಲೆ ಹೊಲಿದ ಕೋಟು

ಒಂಬತ್ತು ಹೇಂಟೆಗೆ ಮೂರು ಹುಂಜ ಎಂದರೆ ಅದು ಸಂಸಾರವಲ್ಲ, ರಂಪ. ಈ ಮಾತನ್ನು ಟೈಲರ್ ಮಾಸ್ಟ್ರ ಹೆಂಡತಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮಾಸ್ಟ್ರು ನಾಲ್ಕು ಸಲವೂ ಹೊಲಿಗೆ ಮೆಷಿನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು.

ಹೇಂಟೆಗಳು ಹೆಂಡತಿಯವು. ಕಾವಿಗೆ ಕೂರಿಸಿ, ಮರಿ ಮಾಡಿಸಿ, ಬೆಕ್ಕಿನ ಬಾಯಿಂದ ಉಳಿಸಿ ಬೆಳೆಸಿದಂಥವು. ಹುಂಜಗಳು ಮಾತ್ರ ಮಾಸ್ಟ್ರವು. ಅವರು ಕಾಲು ಮುರಿದುಕೊಂಡು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದಿನಗಳಲ್ಲಿ, ಆಗಿನ್ನೂ ಅಂಗೈಯಗಲದ ಮರಿಗಳಾಗಿದ್ದ ಈ ಮೂರೂ ಅವರ ಪ್ಲಾಸ್ಟರ್ ಮೇಲೆ ಹತ್ತಿ ನಿದ್ದೆ ಹೋಗುತ್ತಿದ್ದವು. ಮೊದಲು ಹತ್ತಿದವನು ಸಾಹೇಬ, ಆಮೇಲೆ ಪುಂಡ, ಕೊನೆಗೆ ಹೆದರಿ ಹೆದರಿ ಪುಕ್ಕಲ. ಅಂಥವನ್ನು ಯಾರಿಗಾದರೂ ಕೊಡಲು ಮನಸ್ಸು ಬರುತ್ತದೆಯೇ?

ಆದರೆ ಹುಂಜಗಳು ದೊಡ್ಡವಾದವು. ಹೊತ್ತುಗೊತ್ತಿಲ್ಲದೆ ಬೆನ್ನೇರಿ, ಉಗುರು ನಾಟಿಸಿ, ಹೇಂಟೆಗಳ ಬೆನ್ನೆಲ್ಲ ಬೋಳು ಮಾಡಿದವು. ಕೆಲವಕ್ಕೆ ಗಾಯವೂ ಆಯಿತು. "ಎರಡನ್ನಾದ್ರೂ ಕಳಿಸ್ರೀ" ಎಂದು ಹೆಂಡತಿ ಹಠ ಹಿಡಿದಾಗ ಮಾಸ್ಟ್ರಿಗೆ ಹೊಳೆಯಿತು: ಬೆನ್ನಿಗೆ ಬಟ್ಟೆ ಹೊದಿಸಿದರಾಯಿತಲ್ಲ!

ಹೊಲಿದರು ನೋಡಿ, ಒಂಬತ್ತು ಕೋಟು. ದಪ್ಪ ಪ್ಯಾಂಟಿನ ಬಟ್ಟೆ, ಒಳಗೆ ಲೈನಿಂಗು, ನಡುವೆ ತೆಳುವಾಗಿ ಹತ್ತಿ. ಎಲಾಸ್ಟಿಕ್ ಎಂದರೆ ಅವರಿಗೆ ಮೊದಲಿಂದಲೂ ಆಗದು, ಎರಡು ದಿನಕ್ಕೆ ಸಡಿಲವಾಗುತ್ತದೆ. ಗುಂಡಿ ಇಟ್ಟರೆ ಕುಕ್ಕಿ ನುಂಗಿಬಿಡುತ್ತವೆ. ಹಾಗಾಗಿ ಒಂದೊಂದು ಹೇಂಟೆಯನ್ನೂ ಹೆಂಡತಿಯ ಕೈಯಲ್ಲಿ ಹಿಡಿಸಿ, ರೆಕ್ಕೆಗಳ ಕೆಳಗಿಂದ ಪಟ್ಟಿ ತಂದು, ಪಟ್ಟಿಗೆ ಪಟ್ಟಿ ಸೇರಿಸಿ, ಮೈಮೇಲಿದ್ದ ಹಾಗೆಯೇ ನಾಲ್ಕು ಗಟ್ಟಿ ಹೊಲಿಗೆ ಹಾಕಿದರು. ಬೇಲಿಯಾಚೆ ನಿಂತು ನಗದವರಿಲ್ಲ. ಮಾಸ್ಟ್ರು ಮಾತ್ರ ಮೀಸೆ ತಿರುವಿಕೊಂಡು ಓಡಾಡಿದರು.

ಎರಡು ತಿಂಗಳು ಕಳೆಯಿತು. ದಿನಕ್ಕೆ ಏಳು ಮೊಟ್ಟೆ ಸಿಗುತ್ತಿದ್ದ ಗೂಡಿನಲ್ಲಿ ಒಂದು ಸಿಕ್ಕರೆ ಹೆಚ್ಚು. ಕೆಂಪಗಿದ್ದ ಜುಟ್ಟುಗಳು ಬಿಳಿಚಿಕೊಂಡವು. ಎಲ್ಲಕ್ಕಿಂತ ಹಳೆಯ ಹೇಂಟೆ, ಮನೆಯವರ ಬಾಯಲ್ಲಿ 'ಅಜ್ಜಿ', ಕಾಳು ಮುಟ್ಟದೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟಿತು.

ಹೆಂಡತಿ ಅದನ್ನು ಎತ್ತಿ ಜುಟ್ಟು ನೋಡಿದರು. ಹಿಂದಿನ ಬೀದಿಯ ಮನೆಯೊಂದರಲ್ಲಿ ಕಳೆದ ವಾರವಷ್ಟೇ ರೋಗ ಹೊಕ್ಕು ಅರ್ಧ ಕೋಳಿ ಸತ್ತಿದ್ದವು. ಉಳಿದರ್ಧವನ್ನು ಅಧಿಕಾರಿಗಳು ಬಂದು ಕೊಂದು ಹೂಳಿಸಿದ್ದರು.

"ಅದೇ ಬಂದಿರೋದು," ಎಂದರು ಆಕೆ. "ಇವು ಹೋದ್ರೆ ಈ ಹಿತ್ತಲಿಗೆ ನಾನು ಮತ್ತೆ ಕಾಲಿಡಲ್ಲ ಕಣ್ರೀ."

ಮಾಸ್ಟ್ರು ಫೋನ್ ತೆಗೆದು ಪಶುವೈದ್ಯರನ್ನು ಬರಹೇಳಿದರು.

ಡಾಕ್ಟರಮ್ಮ ಬೆಳಿಗ್ಗೆಯೇ ಬಂದರು. ಬೂಟಿನ ಅಡಿಗೆ ಔಷಧಿ ಸಿಂಪಡಿಸಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕಾಲಿಟ್ಟಾಗ ಹೆಂಡತಿ ಗೋಡೆ ಹಿಡಿದು ನಿಂತಿದ್ದರು. ಡಾಕ್ಟರಮ್ಮ ಅಜ್ಜಿಯನ್ನು ಎತ್ತಿ ಕಣ್ಣು ನೋಡಿದರು, ಮೂಗು ನೋಡಿದರು, ಎದೆಗೆ ಕಿವಿಯಿಟ್ಟರು, ಹಿಕ್ಕೆಯನ್ನೂ ಕೋಲಿನಿಂದ ಕೆದಕಿದರು. ಆಮೇಲೆ ಕೋಟು ಮುಟ್ಟಿದರು.

"ಇದನ್ನ ಕೊನೇ ಸಲ ಯಾವಾಗ ತೆಗೆದಿದ್ರಿ?"

"ತೆಗೆಯೋದಾ?" ಮಾಸ್ಟ್ರು ಅಷ್ಟು ಕಳವಳದಲ್ಲೂ ಒಂದಿಷ್ಟು ಬೀಗಿದರು. "ಅದು ತೆಗೆಯೋಕೆ ಬರಲ್ಲ ಡಾಕ್ಟ್ರೇ. ಮೈಮೇಲೇ ಹೊಲಿದಿರೋದು."

"ಕತ್ತರಿ ತನ್ನಿ."

ಡಾಕ್ಟರಮ್ಮ ಎಷ್ಟು ಹೆಣಗಿದರೂ ಆ ಹೊಲಿಗೆ ಜಗ್ಗಲಿಲ್ಲ. ಕೊನೆಗೆ ಮಾಸ್ಟ್ರೇ ಕೂತು, ತಾವು ಹಾಕಿದ ನಾಲ್ಕು ಹೊಲಿಗೆಯನ್ನು ತಾವೇ ಕತ್ತರಿಸಿದರು. ಕೋಟು ಕಳಚಿ ಬಂತು. ಒಳಗಡೆ, ಲೈನಿಂಗಿನ ಮಡಿಕೆ ಮಡಿಕೆಯಲ್ಲೂ, ಕರಿ ಎಳ್ಳಿನ ಪುಡಿ ಚೆಲ್ಲಿದಂತೆ ಏನೋ ಗಿಜಿಗುಡುತ್ತಿತ್ತು.

"ಹೇನು!" ಡಾಕ್ಟರಮ್ಮ ಬಾಯಿಗೆ ಕಟ್ಟಿದ ಬಟ್ಟೆ ಕೆಳಗೆಳೆದು ನಕ್ಕುಬಿಟ್ಟರು. "ರಕ್ತ ಹೀರ್ತಾವೆ, ಅದಕ್ಕೇ ಜುಟ್ಟು ಬಿಳಿಚಿಕೊಂಡಿರೋದು. ಕೋಳಿ ಮಣ್ಣಲ್ಲಿ ಹೊರಳಾಡಿ, ಕೊಕ್ಕಲ್ಲಿ ಹೆಕ್ಕಿ ತನ್ನ ಮೈ ತಾನೇ ಚೊಕ್ಕ ಮಾಡ್ಕೊಳತ್ತೆ. ನೀವು ಹೇನಿಗೆ ಬೆಚ್ಚಗೆ ಮನೆ ಕಟ್ಟಿಕೊಟ್ಟಿದೀರ ಮಾಸ್ಟ್ರೇ, ಅದೂ ಹತ್ತಿ ಹಾಸಿ."

"ಬರೀ ಹೇನಾ?" ಹೆಂಡತಿ ಗೋಡೆ ಬಿಟ್ಟು ಮುಂದೆ ಬಂದರು.

"ಇನ್ನು ಹದಿನೈದು ದಿನ ಬಿಟ್ಟಿದ್ರೆ ಅಜ್ಜಿ ಹೋಗ್ತಿತ್ತು. ಈಗೇನೂ ಇಲ್ಲ, ಎಲ್ಲಾ ಉಳಿಯತ್ತೆ."

ಆಕೆ ಬೋರಲು ಹಾಕಿದ್ದ ಬಕೆಟ್ ಮೇಲೆ ಕುಸಿದು ಕೂತು ಅತ್ತರು, ಅಳುತ್ತಲೇ ನಕ್ಕರು. ಮಾಸ್ಟ್ರಿಗೂ ಹೋದ ಜೀವ ಬಂದಂತಾಯಿತು. ತಪ್ಪೆಲ್ಲ ತಮ್ಮದೇ ಎಂದು ಗೊತ್ತಾಗಿ ಇಷ್ಟೊಂದು ಹಿಗ್ಗಿದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಕೋಟುಗಳನ್ನು ಸುಡಬೇಕು, ಗೂಡು ತೊಳೆಯಬೇಕು, ಎಲ್ಲಕ್ಕೂ ಹೇನು ಸಾಯುವ ಪುಡಿ ಹಚ್ಚಿ ಹತ್ತು ದಿನ ಬಿಟ್ಟು ಮತ್ತೆ ಹಚ್ಚಬೇಕು, ಹೊರಳಾಡಲು ಮರಳು, ಬೂದಿ ಹಾಕಿಕೊಡಬೇಕು. ಇಷ್ಟು ಹೇಳಿ ಹೊರಟ ಡಾಕ್ಟರಮ್ಮ ಬಾಗಿಲಲ್ಲಿ ತಿರುಗಿ, "ಒಂಬತ್ತಕ್ಕೆ ಒಂದು ಹುಂಜ ಸಾಕು," ಎಂದರು.

ಹೆಂಡತಿ ತುಟಿ ಬಿಚ್ಚಲಿಲ್ಲ. ನಾಲ್ಕು ಸಲ ಹೇಳಿಸಿಕೊಂಡು ಅಭ್ಯಾಸವಾಗಿದ್ದ ಮಾಸ್ಟ್ರಿಗೆ ಆ ಮೌನ ತಡೆಯಲಾಗಲಿಲ್ಲ. ಪುಡಿ ಹಚ್ಚುವುದು ಮುಗಿದ ಮೇಲೆ, ಮೆತ್ತಗಿನ ಪುಕ್ಕಲನನ್ನು ಉಳಿಸಿಕೊಂಡು, ಸಾಹೇಬನನ್ನೂ ಪುಂಡನನ್ನೂ ನಾಲ್ಕು ಬೀದಿ ಆಚೆಯ ಬೇಕರಿಯವನ ದೊಡ್ಡ ಹಿತ್ತಲಿಗೆ ಬಿಟ್ಟು ಬಂದರು. ಅಲ್ಲಿ ಮೂವತ್ತು ಹೇಂಟೆ, ಒಂದೂ ಹುಂಜವಿರಲಿಲ್ಲ. ಮನೆಗೆ ಬಂದವರು ಆ ದಿನ ಮೆಷಿನ್ ಮುಟ್ಟಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಹಿತ್ತಲಿಂದ ಕೂಗಿದರು. ಸೆರಗಿನಲ್ಲಿ ಆರು ಮೊಟ್ಟೆ, ಕಂಕುಳಲ್ಲಿ ಅಜ್ಜಿ. ಬೋಳು ಬೆನ್ನಿನ ತುಂಬ ಹೊಸ ಗರಿ ಮೂಡಿತ್ತು.

"ನೋಡ್ರೀ, ಅಳತೆ ಕೊಡದೇನೇ ಹೊಸ ಕೋಟು ಹೊಲಿಸ್ಕೊಂಡಿದಾಳೆ ನಿಮ್ಮಜ್ಜಿ."

ಮಾಸ್ಟ್ರು ಗರಿಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ನಗು ಬಂತು.

ಹೆಂಡತಿ ಅಜ್ಜಿಯನ್ನು ಕೆಳಗಿಳಿಸಿ, ಮೊಟ್ಟೆಗಳನ್ನು ಒಳಗಿಟ್ಟು ಬಂದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ?"

"ಬೇಕರಿ ಹಿತ್ತಲಿಗೆ. ಸಾಹೇಬನ್ನ, ಪುಂಡನ್ನ ನೋಡ್ಕೊಂಡು ಬರೋಣ, ನಡೀರಿ."

ಮಾಸ್ಟ್ರು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಹಿಂದೆಯೇ ಹೊರಟರು.