ದಾಳಿಂಬೆ ಸಿಪ್ಪೆಯ ಲೇಪ

ಬೆಳಿಗ್ಗೆ ಒಂಬತ್ತೂವರೆಗೆ ಟೈಲರ್ ಮುಖ ತೊಳೆದ. ಲೇಪ ಹೋಯಿತು, ಬಣ್ಣ ಹೋಗಲಿಲ್ಲ. ಹಣೆಯಿಂದ ಗದ್ದದವರೆಗೂ ಒಲೆಬೂದಿಯ ಬಣ್ಣ. ಹತ್ತು ಗಂಟೆಗೆ ಅವನನ್ನು ನೋಡಲು ಬಸ್ ಕಂಡಕ್ಟರ್ ಬರುವವಳಿದ್ದಳು.

ಹೆಂಡತಿ ತೀರಿಕೊಂಡ ಮೇಲೆ ಒಂಟಿತನವೇ ಹಾಯಾಗಿದೆ ಎಂದು ಹೇಳಿಕೊಂಡು ಓಡಾಡುತ್ತಿದ್ದವನು ಟೈಲರ್. ಈ ಕಂಡಕ್ಟರ್ ಸಮವಸ್ತ್ರದ ತೋಳು ಚಿಕ್ಕದು ಮಾಡಿಸಲು, ಅವನ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದುಹೋದ ಮೇಲೆ ಆ ಮಾತು ನಿಂತಿತು. ಅಕ್ಕನಿಗೆ ಅಷ್ಟು ಸಾಕಾಯಿತು. ಮದುವೆಯ ಮಾತುಕತೆ ಅವಳೇ ನಡೆಸಿದಳು, ಒಂದು ಚೀಲ ದಾಳಿಂಬೆಯನ್ನೂ ತಂದಿಟ್ಟಳು.

"ದಿನಾ ಒಂದು ತಿನ್ನು. ಹೊಟ್ಟೆಗೂ ಒಳ್ಳೇದು, ಒಂದೇ ವಾರದಲ್ಲಿ ಮುಖಕ್ಕೂ ಕಳೆ ಬರುತ್ತೆ."

ದಾಳಿಂಬೆಯಲ್ಲಿ ನಾರಿನಂಶ, ಸಿ ಜೀವಸತ್ವ ಇರುವುದು ನಿಜ. ಒಂದೇ ವಾರದಲ್ಲಿ ಕಳೆ ಬರುತ್ತದೆ ಎಂಬುದಕ್ಕೆ ಮಾತ್ರ ಅಕ್ಕನ ಮಾತೊಂದೇ ಆಧಾರ. ಟೈಲರ್ ತಿಂದ. ಕನ್ನಡಿಯಲ್ಲಿ ಅದೇ ಹಳೇ ಮುಖ. ಹಣ್ಣಿನಿಂದ ಆಗದ್ದು ಸಿಪ್ಪೆಯಿಂದ ಆಗುತ್ತದೆ ಎಂದು ಕ್ಷೌರದವನು ಹೇಳಿದ. ಟೈಲರ್ ಒಣಸಿಪ್ಪೆ ಕುಟ್ಟಿ, ನಿಂಬೆರಸ ಹಿಂಡಿ, ಮೊಸರು ಬೆರೆಸಿ, ಕೈಗೆ ಸಿಕ್ಕ ಬಾಣಲೆಯಲ್ಲಿ ಇಡೀ ರಾತ್ರಿ ನೆನೆಹಾಕಿದ. ಬೆಳಿಗ್ಗೆ ಲೇಪ ಕಪ್ಪಗಾಗಿತ್ತು. ಸತ್ವ ಚೆನ್ನಾಗಿ ಇಳಿದಿದೆ ಎಂದುಕೊಂಡು ಬಳಿದುಕೊಂಡ.

ಅಕ್ಕ ಬಂದವಳೇ ಬಾಣಲೆ ನೋಡಿದಳು, ತಮ್ಮನನ್ನು ನೋಡಿದಳು.

"ಲೋ, ಇದು ಕಬ್ಬಿಣದ್ದು ಕಣೋ! ದಾಳಿಂಬೆ ಸಿಪ್ಪೆ ಒಗರು. ಅದಕ್ಕೆ ಹುಳಿ ಬೇರೆ ಹಿಂಡಿದ್ದೀಯ. ಕಬ್ಬಿಣ ಬಿಟ್ಟುಕೊಂಡು ಕಪ್ಪಾಗದೆ ಇನ್ನೇನಾಗುತ್ತೆ? ಬಟ್ಟೆಗೆ ಕಪ್ಪು ಹಾಕೋದೇ ಹೀಗೆ!"

"ಹೋಗುತ್ತಾ ಅಕ್ಕ?"

"ಚರ್ಮ ಸವೆದ ಹಾಗೆಲ್ಲ ಹೋಗುತ್ತೆ. ಹತ್ತು ಗಂಟೆಗಂತೂ ಹೋಗಲ್ಲ."

ಅವನು ಸೋಪು ಹಾಕಿ ಉಜ್ಜಿದ, ಕಡಲೆಹಿಟ್ಟು ಹಾಕಿ ಉಜ್ಜಿದ. ಬೂದಿ ಬಣ್ಣದ ಜೊತೆಗೆ ಕೆಂಪೂ ಸೇರಿಕೊಂಡಿತು.

"ನನಗೆ ಜ್ವರ ಅಂತ ಅವರಿಗೆ ಹೇಳಿಬಿಡು," ಎಂದ.

"ನೋಡಿದರೆ ಸತ್ತೇ ಹೋಗಿದ್ದೀಯ ಅಂತಾರೆ. ಜ್ವರ ಯಾರು ನಂಬ್ತಾರೆ?"

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಡ್ಯೂಟಿಯವರಿಗೆ ಸಮಯಕ್ಕೆ ಮುಂಚೆ ಬರುವುದೇ ರೂಢಿ. ಟೈಲರ್ ಒಂದೇ ನೆಗೆತಕ್ಕೆ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಸೇರಿಕೊಂಡ. ಈ ಸಂಬಂಧ ತಪ್ಪಿದರೆ ಇನ್ನೊಂದಕ್ಕೆ ಒಪ್ಪುವ ಮನಸ್ಸು ತನಗಿಲ್ಲ ಎಂಬುದು ಅವನಿಗೆ ಅಲ್ಲಿ, ಕತ್ತಲಲ್ಲಿ, ಸ್ಪಷ್ಟವಾಯಿತು.

ಕಂಡಕ್ಟರ್ ಒಳಬಂದಳು. ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು.

"ಹಿಂದೆ ನಿಂತಿರೋರು ಮುಂದೆ ಬನ್ನಿ," ಎಂದಳು. "ಇಲ್ಲಿ ಜಾಗ ಬೇಕಾದಷ್ಟಿದೆ."

"ಆಮೇಲೆ ಬರ್ತೀನಿ ಮೇಡಂ."

"ಯಾವಾಗ, ಕೊನೇ ಸ್ಟಾಪಿನಲ್ಲಾ?"

ಟೈಲರ್ ಪರದೆ ಸರಿಸಿ ಹೊರಬಂದ. ಅವಳು ತುಟಿ ಕಚ್ಚಿ ತಡೆದಳು, ಆಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕಳು. ಅಕ್ಕ ಸಿಪ್ಪೆಯ ಕಥೆ ಪೂರ್ತಿ ಹೇಳಿದಳು. ತಮ್ಮನ ಮಾನ ಉಳಿಸುವ ಪ್ರಯತ್ನ ಅದರಲ್ಲಿ ಎಲ್ಲೂ ಇರಲಿಲ್ಲ.

"ಯಾರಿಗೋಸ್ಕರ ಇಷ್ಟೆಲ್ಲಾ?" ಕಂಡಕ್ಟರ್ ಕೇಳಿದಳು.

"ಇನ್ಯಾರಿಗೆ? ನಿಮಗೇ," ಎಂದ ಟೈಲರ್.

ಅವಳ ನಗು ನಿಂತಿತು. "ಈ ನಲವತ್ತೈದು ವರ್ಷದಲ್ಲಿ ನನಗೋಸ್ಕರ ಯಾರೂ ಸಿಪ್ಪೆ ಕುಟ್ಟಿರಲಿಲ್ಲ."

ಆಮೇಲೆ ಅವಳೇ ಒಂದು ಹಣ್ಣು ತೆಗೆದುಕೊಂಡು, ತಲೆ ಕೊಯ್ದು, ಸಿಪ್ಪೆಯ ಏಣುಗಳ ಉದ್ದಕ್ಕೂ ಗೀರಿ, ನೀರಿನ ಬೋಗುಣಿಯಲ್ಲಿ ಬಿಡಿಸಿದಳು. ಬಿಳಿ ಪೊರೆ ತೇಲಿತು, ಕಾಳು ತಳಕ್ಕೆ ಇಳಿಯಿತು.

"ಇದನ್ನ ತಿನ್ನಿ. ಸಿಪ್ಪೆ ತಿಪ್ಪೆಗಿರಲಿ," ಎಂದು ಕಾಳನ್ನು ಬಟ್ಟಲಿಗೆ ಹಾಕಿ ಅವನ ಕಡೆ ತಳ್ಳಿದಳು. "ಆದ್ರೆ ಇವತ್ತೇ ಹೂಂ ಅನ್ನಲ್ಲ. ಅಸಲಿ ಮುಖ ನೋಡಬೇಕು."

ಮುಂದಿನ ವಾರದ ರಜೆಯಲ್ಲಿ ಅವಳು ಮತ್ತೆ ಬಂದಳು. ಅವನ ಕಿವಿಯ ಪಕ್ಕದಲ್ಲಿ ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಅಕ್ಕನಿಗೆ ಹೂಂ ಎಂದು ಹೇಳಿ, ಮದುವೆಗೆ ರಜೆ ಕೇಳಲು ಡಿಪೋಗೆ ಹೋದಳು.